ಕಾಚಂಪುಳಿಯಲ್ಲಿ ಮಿಂದ ಕೋವಿ

ನಾನು ಒಂದು ಒಂಟಿ ನಳಿಗೆಯ ತೋಟಾಕೋವಿ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಉಕ್ಕನ್ನು ಕಾಯಿಸಿದರು, ಕೊರೆದರು, ತಿಕ್ಕಿದರು, ಮರದ ಹಿಡಿ ಜೋಡಿಸಿದರು. ನಳಿಗೆಯೂ ಹಿಡಿಯೂ ಕೂಡುವಲ್ಲಿ ನನಗೊಂದು ಉಕ್ಕಿನ ಗೂಡಿದೆ. ಕುದುರೆ, ಸ್ಪ್ರಿಂಗು ಎಲ್ಲ ಅದರೊಳಗೆ. ತಿಳಿದವರು ಅದನ್ನು ರಿಸೀವರ್ ಅನ್ನುತ್ತಾರೆ, ನಾನು ನನ್ನ ಹೊಟ್ಟೆ ಅನ್ನುತ್ತೇನೆ. ಅದಕ್ಕೆ ಕಪ್ಪುನೀಲಿ ಬಣ್ಣ ಕೊಟ್ಟು ಎಡಮಗ್ಗುಲಿಗೆ ನಂಬರು ಕೆತ್ತಿದರು. ಮನುಷ್ಯರಿಗೆ ಹೆಸರಿದ್ದ ಹಾಗೆ ನಮಗೆ ಅದು.

ಕೊಡಗಿನ ನಾಪೋಕ್ಲು ಕಡೆಯ ಹಳ್ಳಿಗೆ ನನ್ನನ್ನು ತಂದವರು ಉತ್ತಯ್ಯ. ಗದ್ದೆಗೆ ಹಂದಿ ನುಗ್ಗಿದರೆ ಆಕಾಶಕ್ಕೊಂದು ಗುಂಡು ಹಾರಿಸಿ ಓಡಿಸುತ್ತಿದ್ದರು. ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಮಗ ಬೋಪಯ್ಯ ಹುಟ್ಟಿದ ಸುದ್ದಿಯನ್ನು ಬೆಟ್ಟದಾಚೆಗೆ ಮುಟ್ಟಿಸಿದವನು ನಾನೇ. ಉತ್ತಯ್ಯ ಹೋದ ಸುದ್ದಿಯನ್ನೂ ನಾನೇ ಹೇಳಿದೆ. ಆಮೇಲೆ ಬೋಪಯ್ಯನ ಕೈಗೆ ಬಂದೆ. ಅವನೂ ಬಹಳ ವರ್ಷ ಬಾಳಲಿಲ್ಲ. ಈಗ ನಾನು ಅವನ ಹೆಂಡತಿ ಬೊಳ್ಳಮ್ಮನ ಹೆಸರಿನಲ್ಲಿದ್ದೇನೆ. ಮನೆಯಲ್ಲಿ ಅವಳು, ಅತ್ತೆ ಚೋಂದವ್ವ, ನಾನು.

ಪ್ರತಿ ವರ್ಷ ಕೈಲ್ ಮುಹೂರ್ತದ ದಿನ ಆಯುಧಗಳಿಗೆ ಪೂಜೆ. ಚೋಂದವ್ವ ನನ್ನನ್ನು ದೇವರ ಕೋಣೆಯಲ್ಲಿಟ್ಟು, ನಳಿಗೆಗೆ ಹೂ ಸಿಕ್ಕಿಸಿ, ಹೊಟ್ಟೆಗೆ ಹಸಿ ಗಂಧದ ಬೊಟ್ಟು ಇಡುತ್ತಿದ್ದಳು. ಬೊಳ್ಳಮ್ಮ ಬಟ್ಟೆ ಹಿಡಿದು ಬಂದರೆ, "ಮುಟ್ಟಬೇಡ ಬೊಳ್ಳೂ, ದೇವರಿಗಿಟ್ಟ ಗಂಧ. ತಾನೇ ಉದುರಲಿ" ಅನ್ನುತ್ತಿದ್ದಳು.

ಗಂಧ ಉದುರುತ್ತಿರಲಿಲ್ಲ. ಶ್ರಾವಣ ಕಳೆದ ಮೇಲಿನ ತೇವವನ್ನೆಲ್ಲ ಹೀರಿಕೊಂಡು ನನ್ನ ಮೈಗೆ ಅಂಟಿಕೊಂಡು ಕೂರುತ್ತಿತ್ತು. ಅದರಡಿಯಲ್ಲಿ ತುಕ್ಕು ಹಿಡಿಯುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಹೇಳಲು ನನಗೆಲ್ಲಿ ಬಾಯಿ? ಇರುವ ಒಂದು ಬಾಯಿ ಅಂಥ ಮಾತಿಗೆ ಆಗುವುದಲ್ಲ.

ಈ ವರ್ಷ ಠಾಣೆಯಲ್ಲಿ ಕೋವಿಗಳ ತಪಾಸಣೆ ಬಂತು. ಮುಖ್ಯಪೇದೆ ಶಿವರುದ್ರ, ಮಂಡ್ಯ ಕಡೆಯವನು, ನನ್ನನ್ನು ಬೆಳಕಿಗೆ ತಿರುಗಿಸಿ ಕಣ್ಣು ಕಿರಿದು ಮಾಡಿದ.

"ನಂಬ್ರ ಓದಕ್ಕೇ ಆಯ್ತಿಲ್ವಲ್ಲಮ್ಮ. ಇದು ನಿಮ್ದೇ ಕೋವಿ ಅಂತ ನಾನು ಹೆಂಗ್ ಬರ್ಕೊಳ್ಳಿ? ಉಜ್ಜಿ ತಕಬನ್ನಿ. ಸೋಮವಾರದ ಒಳಗೆ ಕಾಣಿಸ್ದಿದ್ರೆ ಜಿಲ್ಲಾ ಕಚೇರಿಗೆ ಒಪ್ಪಿಸ್ಬೇಕಾಯ್ತದೆ. ಹೋದದ್ದು ವಾಪಸ್ ಬರೋದು ನನ್ ಕೈಲಿಲ್ಲ."

ಮೈಸೂರಿನ ಕೋವಿ ರಿಪೇರಿಯವನು ಫೋನಿನಲ್ಲಿ ಹೇಳಿದ ರೇಟು ಕೇಳಿ ಬೊಳ್ಳಮ್ಮ ಫೋನನ್ನೇ ದುರುಗುಟ್ಟಿ ನೋಡಿದಳು. ಪಕ್ಕದ ಮನೆಯ ಮೊಣ್ಣಪ್ಪ ಬೇಲಿಯ ಮೇಲಿಂದ ಕೂಗಿದ, "ಗ್ರೈಂಡರ್ ತರ್ತೇನೆ ಅಕ್ಕ, ಎರಡು ನಿಮಿಷದ ಕೆಲಸ!"

"ಹೌದು, ಎರಡೇ ನಿಮಿಷ. ಒಂದರಲ್ಲಿ ನಂಬರು ಹೋಗ್ತದೆ, ಇನ್ನೊಂದರಲ್ಲಿ ನಿನ್ನ ಬೆರಳು."

ಅನ್ನಕ್ಕಿಟ್ಟು ಬಂದು ಅವಳು ಹಜಾರದಲ್ಲಿ ಕೂತಳು. ತೋಟಾ ಇಲ್ಲವೆಂದು ಎರಡು ಸಲ ನೋಡಿದಳು. ನಳಿಗೆ ಬೇರೆ ಮಾಡಿ, ಹಿಡಿ ಬಿಚ್ಚಿ, ಒಳಗಿನದನ್ನೆಲ್ಲ ತೆಗೆದು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಳು. ನನ್ನ ಹೊಟ್ಟೆಯ ಮೇಲೆ ಗುಂಡಗಿನ ತುಕ್ಕಿನ ಕಲೆಗಳು. ಗಂಧದ ಬೊಟ್ಟಿಟ್ಟ ಜಾಗದಲ್ಲೇ. ಅವಳಿಗೆ ತಿಳಿಯಿತು.

"ಯಾತರಿಂದ ಬಂತು ಇದು?" ಚೋಂದವ್ವ ಬಾಗಿಲಲ್ಲಿ ನಿಂತಿದ್ದಳು.

"ಮಳೆ ಅವ್ವ. ಗೋಡೆಯ ತೇವ."

ಮುದುಕಿ ಹತ್ತಿರ ಬಂದು ಕೂತು, ಒಂದು ಕಲೆಯ ಮೇಲೆ ತನ್ನ ಬೆರಳಿಟ್ಟಳು. ಬೆರಳ ತುದಿಗೂ ಕಲೆಗೂ ಅಳತೆ ಸರಿಯಾಗಿತ್ತು. "ಅವರ ಕೋವಿ ನನ್ನ ಕೈಯಿಂದಲೇ ಹೋಗ್ತದಲ್ಲ ಬೊಳ್ಳೂ," ಅಂದಳು. ಆ ಹೊತ್ತು ಊಟ ಮುಟ್ಟಲಿಲ್ಲ.

ಕೆತ್ತನೆ ಆಳವಿರಲಿಲ್ಲ. ಉಪ್ಪುಕಾಗದ ಹಾಕಿದರೆ ತುಕ್ಕಿನ ಜೊತೆ ನಂಬರೂ ಸವೆದೀತು. ಬೊಳ್ಳಮ್ಮ ಉಳಿದ ಭಾಗವನ್ನಷ್ಟೇ ಸಣ್ಣ ಉಪ್ಪುಕಾಗದದಿಂದ ಉಜ್ಜಿದಳು. ನಂಬರಿನ ಮೇಲೆ ಕಾಚಂಪುಳಿ ನೆನೆಸಿದ ಬಟ್ಟೆ ಹಾಸಿದಳು. ಹಂದಿ ಸಾರಿಗೆ ಹಾಕುವ, ಹಲ್ಲು ಜುಮ್ಮೆನ್ನಿಸುವ ಆ ಕಪ್ಪು ಹುಳಿ ನಮ್ಮಲ್ಲಿ ಇಲ್ಲದ ಅಡುಗೆಮನೆಯಿಲ್ಲ.

"ಹಂದಿ ಓಡಿಸುವ ಕೋವಿಯನ್ನೇ ಸಾರು ಮಾಡ್ತೀಯ?" ಅಂದಳು ಚೋಂದವ್ವ. ಅಳು ಮುಗಿದಿರಲಿಲ್ಲ, ಆದರೂ ನಕ್ಕಳು.

ಹಸುವಿಗೆ ಹುಲ್ಲು ಹಾಕಿ ಬಂದು ಬಟ್ಟೆ ಬದಲಿಸುವಳು, ಪಾತ್ರೆ ತೊಳೆದು ಬಂದು ಮತ್ತೆ ಬದಲಿಸುವಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಮಗುವಿನ ಕಿವಿ ಒರೆಸುವಂತೆ, ಮೆಲ್ಲಗೆ ತಿಕ್ಕುವಳು. ನನಗೆ ಉರಿಯಿತು, ಸಹಿಸಿಕೊಂಡೆ. ತುಕ್ಕು ಕೆಸರಾಗಿ ಬಿಟ್ಟುಬಂತು. ಕೆಳಗೆ ಬರಿಯ ಬಿಳಿ ಉಕ್ಕು. ಬಿಸಿಲಿಗೆ ಓರೆಯಾಗಿ ಹಿಡಿದರೆ ಅಂಕಿಗಳ ನೆರಳು ಕಾಣುವುದು, ನೇರ ಹಿಡಿದರೆ ಮಾಯ.

"ಕಪ್ಪಾದರೆ ಕಾಣ್ತದೇನೋ," ಅಂದುಕೊಂಡು ಅವಳು ಮನೆಯ ಕಾಫಿಪುಡಿಯಿಂದ ಒಂದು ಪಾತ್ರೆ ಗಟ್ಟಿ ಡಿಕಾಕ್ಷನ್ ಇಳಿಸಿದಳು. ಸೋಪುನೀರಿನಲ್ಲಿ ನನ್ನ ಜಿಡ್ಡು ತೊಳೆದು ಅದರೊಳಗೆ ಮುಳುಗಿಸಿದಳು. ಮರುದಿನ ಎತ್ತಿದಾಗ ನಾನು ಮಸಿಯಂತಾಗಿದ್ದೆ. ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿದಳು. ಅಂಕಿಗಳ ಗೆರೆಯೊಳಗೆ ಕಪ್ಪು ಗಾಢವಾಗಿ ಕೂತಿತ್ತು. ಒಂದು ಅಂಕಿ ಮಾತ್ರ ಮೂರೋ ಎಂಟೋ ಎಂದು ಅವಳಿಗೂ ತಿಳಿಯಲಿಲ್ಲ.

ಸೋಮವಾರ ಶಿವರುದ್ರ ಭೂತಗನ್ನಡಿ ಹಿಡಿದ. ಒಂದೊಂದೇ ಅಂಕಿ ಓದಿದ. ಆ ಒಂದರ ಹತ್ತಿರ ನಿಂತ. ಅವನು ನನ್ನನ್ನು ಕಿಟಕಿಯ ಕಡೆ ವಾಲಿಸಿದ.

"ಎಂಟು. ಎಡಗಡೆ ಸುತ್ತೂ ಅದೆ, ನೋಡಿ. ರಿಜಿಸ್ಟ್ರಿಗೆ ಸರಿಯಾಗಿ ಅದೆ ಕಣಮ್ಮ." ಆಮೇಲೆ ಮೂಸಿ ನೋಡಿದ. "ಇದೇನು, ಕಾಫಿ ವಾಸನೆ?"

"ಕುಡೀತೀರಾ ಸಾರ್?" ಅಂದಳು ಬೊಳ್ಳಮ್ಮ. ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತು ಒಬ್ಬಳೇ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಚೋಂದವ್ವ ಬೆಳಗಿನಿಂದ ಗೇಟಿನಲ್ಲೇ ನಿಂತಿದ್ದಳಂತೆ. ದಾರಿಯ ತಿರುವಿನಲ್ಲಿ ಸೊಸೆಯ ಹೆಗಲ ಮೇಲಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. "ನಂಗೆ ಹಸಿವಾಗ್ತದೆ, ಬೇಗ ಬಾ" ಎಂದು ಕೂಗಿ ಒಳಗೆ ನಡೆದಳು.

ಈಗ ನಾನು ಹಜಾರದ ಒಳಗೋಡೆಯ ಗೂಟದ ಮೇಲಿದ್ದೇನೆ. ಗುಂಡು ಹಾರಿಸಿ ಬಹಳ ದಿನವಾಯಿತು. ಕಲೆಗಳ ಗುಳಿಗಳು ಹಾಗೇ ಇವೆ, ಹೊಸ ಕೋವಿಯಂತೆ ನಾನು ಹೊಳೆಯುವುದಿಲ್ಲ. ಪ್ರೀತಿ ಮಾಡಿದ ಗಾಯ ಅಷ್ಟು ಬೇಗ ತುಂಬುವುದಿಲ್ಲ, ತುಂಬಬೇಕೆಂದೂ ಇಲ್ಲ. ಕೆಳಗೆ ಅತ್ತೆ ಸೊಸೆ ಒಂದೇ ತಟ್ಟೆಯ ಕಡುಬಿಗೆ ಜಗಳವಾಡುವುದು ಕೇಳುತ್ತದೆ. ಕೇಳುತ್ತಾ ನನಗೆ ನಿದ್ದೆ ಹತ್ತುತ್ತದೆ.