ಬರ್ ತೆಗೆಯದ ಕೋಲು

"ಇವನ ಕೈಗೆ ಅರ ಕೊಟ್ಟದ್ದೇ ನನ್ನ ತಪ್ಪು ಮಾರಾಯ್ರೆ, ಗುಡಿಸ್ಲಿಕ್ಕೆ ಹಿಡಿಸೂಡಿ ಕೊಡ್ಬೇಕಿತ್ತು. ಏಳನೇ ಕ್ಲಾಸು ದಾಟದವ. ಒಂದು ಬರ್ ತೆಗೀಲಿಕ್ಕೂ ಬರುದಿಲ್ಲ ಈ ಬೇವರ್ಸಿಗೆ!"

ವಸಂತಕುಮಾರ ಸೇಠ್ ಇದನ್ನು ಹೇಳಿದ್ದು ಭಾನುವಾರ ಬೆಳಿಗ್ಗೆ, ಕ್ಯಾಂಟೀನಿನ ಜಗಲಿಯ ಮುಂದೆ, ಹನ್ನೊಂದು ಜನರ ಎದುರು. ಆಫೀಸರರು, ಅವರ ಹೆಂಡಂದಿರು, ಚಹಾ ತಂದು ನಿಂತ ವೇಟರು. ನಾನು ಒಬ್ಬೊಬ್ಬರನ್ನೂ ಎಣಿಸಿದ್ದೇನೆ. ಸೇಠ್‌ನ ಗಾಲ್ಫ್ ಚೀಲ ನನ್ನ ಹೆಗಲಲ್ಲಿತ್ತು. ಎದುರಿಗೆ ಲೀಲಾಧರ ಸಾಹೇಬರು ಬಲಗೈಯ ಹೆಬ್ಬೆರಳನ್ನು ಹಿಡಿದುಕೊಂಡಿದ್ದರು. ಎಡಗೈಯ ಬಿಳಿ ಗ್ಲೌಸಿನ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಅವರ ಕಾಲ ಬಳಿ ಸೇಠ್‌ನ ಒಂದು ಗಾಲ್ಫ್ ಕೋಲು ಬಿದ್ದಿತ್ತು. ಅದರ ಕಬ್ಬಿಣದ ಮುಖಕ್ಕೆ ಬೆರಳು ಎಳೆದೇ ಅವರಿಗೆ ಗಾಯವಾದದ್ದು.

"ಅಲ್ಲ ವಸಂತ, ನಿನ್ನ ಫ್ಯಾಕ್ಟರಿಯ ಮಾಲೂ ಹೀಗೇ ಬರ್ತದಾ?" ಎಂದರು ಸಾಹೇಬರು.

"ಛೆ ಛೆ. ಕೋಲಿನ ಮುಖ ಸವೆದಿತ್ತು, ರಿಪೇರಿಗೆ ಇವನ ಕೈಗೆ ಕೊಟ್ಟೆ. ನಾಳೆಯೇ ಇವನನ್ನು ಬೆಂಚಿನಿಂದ ಇಳಿಸ್ತೇನೆ. ನೀವು ಕೂತ್ಕೊಳ್ಳಿ, ಸ್ವಲ್ಪ ಡೆಟಾಲ್ ತರಿಸುವ."

ಯಾರೋ ಹೆಂಗಸು ನಕ್ಕಳು. ಚೀಲದಲ್ಲಿ ಇನ್ನೂ ಎಂಟು ಕೋಲುಗಳಿದ್ದವು. ಯಾವುದನ್ನು ಎಳೆದರೂ ಒಂದೇ ಏಟಿಗೆ ಆ ಬಾಯಿ ಮುಚ್ಚುತ್ತಿತ್ತು. ನಾನು ಎಳೆಯಲಿಲ್ಲ. ಚೀಲವನ್ನು ಅಲ್ಲೇ ಕೆಡವಿ ಹಳಿಯ ಮೇಲೇ ನಡೆದು ವಿಠ್ಠಲವಾಡಿ ಸ್ಟೇಷನ್ ಸೇರಿದೆ.

ನಾನು ಬರ್ ತೆಗೆಯಲು ಮರೆತಿರಲಿಲ್ಲ.

ಕಬ್ಬಿಣವನ್ನು ಕೊರೆದಾಗ ಅಂಚಿನಲ್ಲಿ ಮುಳ್ಳು ಏಳುತ್ತದಲ್ಲ, ಅದೇ ಬರ್. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಚರ್ಮಕ್ಕೆ ಗೊತ್ತಾಗುತ್ತದೆ. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಕಾರ್ಖಾನೆಯಲ್ಲಿ ಅದನ್ನು ಅರದಿಂದ ಉಜ್ಜಿ ತೆಗೆಯದೆ ಯಾವ ಡೈ, ಯಾವ ಅಚ್ಚು ಕೂಡ ಬೆಂಚು ಬಿಟ್ಟು ಹೋಗುವಂತಿರಲಿಲ್ಲ. ಹೆಡ್ ಫಿಟ್ಟರ್ ಗುಣಪಾಲಣ್ಣ ಪ್ರತಿ ತುಂಡನ್ನೂ ತನ್ನ ಮುಂಗೈಗೆ ಒತ್ತಿ ಎಳೆದು ನೋಡುತ್ತಿದ್ದ. ಗೀರಿತೋ, ಆ ತುಂಡು ನನ್ನ ಮುಖಕ್ಕೇ ಬರುತ್ತಿತ್ತು. ಹಾಗೆ ಬಿದ್ದ ಒಂದು ಗಾಯ ನನ್ನ ಹುಬ್ಬಿನಲ್ಲಿ ಇನ್ನೂ ಇದೆ. ಆದರೆ ಕಡೆಯ ಎರಡು ವರ್ಷಗಳಲ್ಲಿ ಅವನು ಒಂದೂ ತುಂಡು ಎಸೆದಿರಲಿಲ್ಲ. "ಶಿವಪುತ್ರನ ಮಾಲಾ? ನೋಡ್ಬೇಕಂತಿಲ್ಲ, ಪ್ಯಾಕ್ ಮಾಡಿ" ಎನ್ನುತ್ತಿದ್ದ. ನನ್ನ ಹತ್ತಿರ ಐಟಿಐ ಕಾಗದವಿಲ್ಲ. ಎಸ್ಟೇಟಿನ ಯಾವ ಗೇಟಿನಲ್ಲಿ ನಿಂತರೂ ತೋರಿಸಲು ಇದ್ದದ್ದು ಆ ಒಂದು ಮಾತು. ಅದು ಹೋದರೆ ನಾನು ಹಮಾಲ.

ಸೇಠ್‌ಗೆ ಗಾಲ್ಫ್ ಹುಚ್ಚು ಹತ್ತಿದ್ದು ಎಮರ್ಜೆನ್ಸಿ ಮುಗಿದ ಮರುವರ್ಷ. ವಿಠ್ಠಲವಾಡಿಯ ಆಚೆ ಒಂದು ದೊಡ್ಡ ಕಂಪನಿಯ ಕಾಲೋನಿ ಇತ್ತು. ನಮ್ಮ ಅರ್ಧ ಮಾಲು ಅಲ್ಲಿಗೇ ಹೋಗುತ್ತಿತ್ತು. ಕಾಲೋನಿಯ ಹಿಂದಿನ ಬಯಲಿನಲ್ಲಿ ಆಫೀಸರರು ಆರು ಕುಳಿ ತೋಡಿಸಿ, ಕುಳಿಯ ಸುತ್ತ ಎಣ್ಣೆ ಕಲಸಿದ ಮರಳು ಹಾಸಿ, ಭಾನುವಾರ ಆಡುತ್ತಿದ್ದರು. ಕಂಪನಿಗೆ ಮಾಲು ಖರೀದಿಸುವ ಲೀಲಾಧರ ಸಾಹೇಬರು ತಮ್ಮ ಊರ ಕಡೆಯವನೆಂದು ಸೇಠ್‌ನನ್ನೂ ಕರೆದುಕೊಂಡರು. ಪಣವಿಲ್ಲ, ಬಹುಮಾನದ ಕಪ್ಪಿಲ್ಲ. ಇದ್ದದ್ದು ಒಂದೇ ಕಟ್ಟುಪಾಡು: ಸೋತವನು ಗೆದ್ದವನ ಚೀಲವನ್ನು ಹೊತ್ತು, ಕೊನೆಯ ಕುಳಿಯಿಂದ ಕ್ಯಾಂಟೀನಿನವರೆಗೆ ಎಲ್ಲರ ಕಣ್ಣೆದುರು ನಡೆಯಬೇಕು.

ಮೊದಲ ಎರಡು ತಿಂಗಳು ಹೊತ್ತದ್ದು ಸೇಠ್. ಅದನ್ನು ಅವನು ಸಹಿಸಿರಲಿಕ್ಕಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಗುಣಪಾಲಣ್ಣ ಹೊರಗೆ ಹೋದದ್ದನ್ನು ನೋಡಿ, ಒಂದು ಗಿಡ್ಡ ಕೋಲನ್ನು ಪೇಪರಿನಲ್ಲಿ ಸುತ್ತಿ ನನ್ನ ಬೆಂಚಿಗೆ ತಂದ. ಆ ಕೋಲಿನ ಮುಖದ ಮೇಲೆ ಸಾಲಾಗಿ ತೆಳುವಾದ ಗೀರುಗಳಿದ್ದವು.

"ಇದನ್ನು ಶೇಪರ್ ಮಿಶನಿಗೆ ಹಾಕಿ ಗೀರು ಸ್ವಲ್ಪ ಆಳ ಮಾಡು. ವಿ ಟೂಲ್ ಹಾಕು."

"ಆಮ್ಯಾಲ ಅರ ಹೊಡದು ಕೊಡ್ತೀನ್ರಿ."

"ಅರ ಬೇಡ. ಬರ್ ಹಾಗೇ ಇರ್ಲಿ. ಅದು ಚೆಂಡನ್ನು ಕಚ್ಚಿ ಹಿಡೀಬೇಕು. ಆಗ ಚೆಂಡು ಬಿದ್ದಲ್ಲೇ ಕೂರ್ತದೆ, ಉರುಳುದಿಲ್ಲ."

"ಇದು ನಡೀತೈತೇನ್ರಿ ಆಟದಾಗ?"

ಸೇಠ್ ನಕ್ಕ. "ಟೂರ್ನಮೆಂಟಲ್ಲಿ ನಡೆಯುದಿಲ್ಲ. ಅಂಚು ನುಣುಪಿರ್ಬೇಕಂತೆ, ಪುಸ್ತಕದಲ್ಲಿ ಬರ್ದಿದ್ದಾರೆ. ಇದು ಟೂರ್ನಮೆಂಟಾ? ನಾಲ್ಕು ಜನ ದೋಸ್ತಿಗಳು ಚಹಾಕ್ಕೆ ಮುಂಚೆ ಆಡುದು. ಇದಕ್ಕೆಂತ ಪುಸ್ತಕ?"

ಅರ್ಧ ಗಂಟೆಯಲ್ಲಿ ಮುಗಿಸಿದೆ. ಸುಳ್ಳು ಯಾಕೆ ಹೇಳಲಿ, ಆ ಕೆಲಸ ನನಗೆ ಹಿಡಿಸಿತ್ತು. ಹದಿಮೂರು ಗೀರು, ಒಂದಕ್ಕೊಂದು ಕೂದಲೆಳೆ ಹೆಚ್ಚುಕಡಿಮೆ ಇಲ್ಲ. ಅಂಚು ಬ್ಲೇಡಿನಂತಿತ್ತು.

ಮರು ಭಾನುವಾರ, ಆಟದ ಹೊತ್ತಿನಲ್ಲಿ ಚೀಲ ಹಿಡಿಯಲು ನನ್ನನ್ನೂ ಕರೆದೊಯ್ದ ಸೇಠ್ ಗೆದ್ದ. ಅದರ ಮರುವಾರವೂ, ಅದರ ಮರುವಾರವೂ. ಚೆಂಡು ಗಾಳಿಯಲ್ಲಿ ಹೋಗಿ ಮರಳಿನ ಮೇಲೆ ಬಿದ್ದು, ಕೊರಳಪಟ್ಟಿ ಹಿಡಿದು ಎಳೆದಂತೆ ಅಲ್ಲೇ ನಿಲ್ಲುತ್ತಿತ್ತು. ಲೀಲಾಧರ ಸಾಹೇಬರಿಗೆ ಐವತ್ತೈದು ದಾಟಿತ್ತು, ಎಡ ಮಂಡಿ ಮಡಚುತ್ತಿರಲಿಲ್ಲ. ಅಂಥವರು ಸೇಠ್‌ನ ಚೀಲ ಹೊತ್ತು ಕುಂಟುತ್ತ ಬರುವಾಗ ಜಗಲಿಯವರು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಖುಷಿಯೋ ಖುಷಿ. ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯದ ಆಫೀಸರ್ ಹಮಾಲನಾಗಿ ಬರುತ್ತಿದ್ದಾನೆ! ಸೋಮವಾರ ಕಾರ್ಖಾನೆಯಲ್ಲಿ ಖಾಲಿ ಗೋಣಿಚೀಲ ಹೊತ್ತು ಅವರ ಕುಂಟು ನಡಿಗೆಯನ್ನು ನಾನೇ ಮಾಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕೋಲಿನ ವಿಷಯ ಗೊತ್ತಿಲ್ಲದ ಗುಣಪಾಲಣ್ಣನೂ ನಕ್ಕ.

ನಾಲ್ಕನೇ ಭಾನುವಾರವೂ ಸೋತು ಕ್ಯಾಂಟೀನಿನವರೆಗೆ ಚೀಲ ಹೊತ್ತು ತಂದ ಸಾಹೇಬರು ಅದನ್ನು ನನ್ನ ಹೆಗಲಿಗೆ ದಾಟಿಸಿ, ಸೇಠ್‌ನ ಚೆಂಡನ್ನು ಎತ್ತಿ ನೋಡಿದರು. ಅದರ ಸಿಪ್ಪೆ ತುರಿಮಣೆಗೆ ಉಜ್ಜಿದ ಹಾಗೆ ಎದ್ದಿತ್ತು. "ಆ ಕೋಲು ಕೊಡು ನೋಡುವ" ಎಂದು ಕೈ ಚಾಚಿದರು. ಮುಂದಿನದು ಆಗಲೇ ಹೇಳಿದ್ದೇನೆ.

ಠಾಕುರ್ಲಿಯ ಮನೆ ಸೇರಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಬಳಿಯ ನೀರಿನ ಬಕೀಟನ್ನು ಒದ್ದೆ. ಅದು ಉರುಳಿ ಪಕ್ಕದ ಚಂದ್ರಬಾಯಿಯ ಹೊಸ್ತಿಲಿಗೆ ಹೋಗಿ ಬಡಿಯಿತು.

"ಮೈಯಾಗ ದೆವ್ವ ಹೊಕ್ಕೈತೇನೋ ನಿನಗ?"

ಹೇಳಿದೆ. ಅವ್ವ ರೊಟ್ಟಿ ತಿರುವುತ್ತಲೇ ಕೇಳಿದಳು. "ಮಾಲಕ ಅದಾನ. ಮರ್ತಿದ್ದೆ ಅಂತ ಒಂದ್ ಮಾತು ಅಂದು ಬಿಡು. ನಿನ್ನ ಗಂಟೇನ್ ಹೋತು?"

"ನನ್ನ ಹೆಸರು ಹೋತು, ಪಾರವ್ವಾ!" ಎಂದು ಅವಳ ಹೆಸರನ್ನೇ ಹಿಡಿದು ಕಿರಿಚಿದೆ. ಹಾಗೆ ಹಿಂದೆಂದೂ ಕರೆದಿರಲಿಲ್ಲ. ಅವಳು ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

ಸೋಮವಾರ ನಾನು ಹೋಗುವ ಮೊದಲೇ ಸುದ್ದಿ ಹೋಗಿತ್ತು. ರೋಡಿನ ಚಹಾದಂಗಡಿಯಲ್ಲಿ ಬೇರೆ ಕಾರ್ಖಾನೆಯ ಇಬ್ಬರು ಲೇತ್‌ನವರು ನನ್ನನ್ನು ನೋಡಿ ತಮ್ಮ ಹೆಬ್ಬೆರಳಿಗೆ ಕರ್ಚೀಫು ಸುತ್ತಿಕೊಂಡು ತೋರಿಸಿದರು. ಒಳಗೆ ಹೋದರೆ, ನನ್ನ ಬೆಂಚಿನ ವೈಸ್‌ನ ಕಬ್ಬಿಣದ ದವಡೆಯಲ್ಲಿ ಒಂದು ಕಸಬರಿಗೆಯನ್ನು ನೆಟ್ಟಗೆ ಬಿಗಿದು ನಿಲ್ಲಿಸಿದ್ದರು.

"ಆವೋ ಝಾಡೂ ಮಾಸ್ಟರ್, ತುಮ್ಹಾರಾ ಜಾಬ್ ತಯ್ಯಾರ್ ಹೈ," ಎಂದ ಡ್ರಿಲ್ಲಿಂಗಿನ ಶೇಖರ. ಇಲ್ಲೇ ಹುಟ್ಟಿದ ಮಂಗಳೂರಿನವ, ಕನ್ನಡ ಕೇಳಿದರೂ ಹಿಂದಿಯಲ್ಲೇ ಮಾತಾಡುವವ. "ಬರ್ ನಿಕಾಲ್‌ನಾ ಮತ್ ಭೂಲ್‌ನಾ, ಹಾಂ!"

ಬರ್ ತೆಗೆಯಲು ಮರೆಯಬೇಡ ಎಂದವನ ನಗು ಮುಗಿಯುವ ಮೊದಲೇ ನನ್ನ ಹಣೆ ಅವನ ಮೂಗಿಗೆ ಬಡಿದಿತ್ತು. ಅವನು ಡ್ರಿಲ್ಲಿನ ಟೇಬಲ್ಲಿಗೆ ಬೆನ್ನು ಹೊಡೆದುಕೊಂಡು ಬಿದ್ದ. ಡ್ರಿಲ್ಲನ್ನು ತಂಪಿಡುವ ಕೂಲಂಟಿನ ಡಬ್ಬ ಉರುಳಿ ಹಾಲಿನಂಥ ನೀರು ನೆಲವೆಲ್ಲ ಹರಿಯಿತು. ಎದೆಯ ಮೇಲೆ ಕೂತು ಹೊಡೆದೆ. ಎಷ್ಟು ಹೊಡೆದೆನೋ ನೆನಪಿಲ್ಲ. ಅವನ ಹಲ್ಲು ತಾಗಿ ನನ್ನ ಬೆರಳ ಗೆಣ್ಣು ಸೀಳಿತು.

ಕ್ಯಾಬಿನ್ನಿನ ಬಾಗಿಲು ತೆಗೆದು ಸೇಠ್ ಓಡಿ ಬಂದ. ನನ್ನ ಕಾಲರು ಹಿಡಿದು ಎಬ್ಬಿಸಿದ. "ರಂಡೆಮಗನೇ, ಮರ್ಡರ್ ಮಾಡ್ಲಿಕ್ಕೆ ಬಂದದ್ದಾ ಇಲ್ಲಿ?" ಎಂದು ಕೆನ್ನೆಗೆ ಬಾರಿಸಿದ. ಇನ್ನೊಂದು ಏಟಿಗೆ ಕೈ ಎತ್ತಿದ.

ಆ ಕೈ ಇಳಿಯಲಿಲ್ಲ. ಮಣಿಕಟ್ಟು ಹಿಡಿದು ತಿರುಚಿದೆ. ಅವನನ್ನು ಬೆಂಚಿನವರೆಗೆ ಎಳೆದುಕೊಂಡು ಹೋದೆ. ಕಸಬರಿಗೆಯನ್ನು ಕಿತ್ತು ಎಸೆದು, ಆ ಜಾಗದಲ್ಲಿ ಅವನ ನಾಲ್ಕು ಬೆರಳುಗಳನ್ನು ವೈಸ್‌ನ ಎರಡು ದವಡೆಗಳ ನಡುವೆ ತುರುಕಿ ಹ್ಯಾಂಡಲು ತಿರುಗಿಸಿದೆ. ಒಂದು ಸುತ್ತು. ಅವನ ಕಣ್ಣು ಅಗಲವಾದವು.

"ಏಯ್... ಏಯ್ ಶಿವಪುತ್ರ, ಹುಚ್ಚಾ ನಿನಗೆ?"

"ಎಲ್ಲಾರ ಮುಂದ ಹೇಳ್ರಿ. ನಾ ಮರ್ತಿದ್ನೇನು?"

"ಬಿಡು ಮಾರಾಯ! ಅದೊಂದು ಆಟ! ದೋಸ್ತಿಗಳ ಆಟ! ಅದಕ್ಕೆ ಯಾರಾದ್ರೂ ಹೀಗೆ..."

"ಆಟ ಆದ್ರ ಸೋತು ಚೀಲ ಹೊರಬೇಕಾಗಿತ್ತು. ನನ್ನ ಹೆಸರು ಯಾಕ ಹಿಡದ್ರಿ?"

ಅರ್ಧ ಸುತ್ತು ತಿರುಗಿಸಿದೆ. ಅವನ ಉಂಗುರ ಚಪ್ಪಟೆಯಾಗಿ ಮಾಂಸಕ್ಕೆ ಕಚ್ಚಿತು. ಯಾರೋ ಲೇತ್ ಬಂದ್ ಮಾಡಿದರು. ಇನ್ನೊಬ್ಬರು ಶೇಪರ್ ಬಂದ್ ಮಾಡಿದರು. ಎಂಟು ಜನ ನಿಂತಿದ್ದರು, ಒಬ್ಬನೂ ಮುಂದೆ ಬರಲಿಲ್ಲ. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

"ಹೇಳ್ತೇನೆ, ಹೇಳ್ತೇನೆ! ನಾನೇ ಹೇಳಿದ್ದು! ಬರ್ ಬಿಡು ಅಂತ ನಾನೇ ಹೇಳಿದ್ದು!"

"ಗಟ್ಟಿ."

"ನಾನೇ ಹೇಳಿದ್ದು! ಇವ ಮರೆತದ್ದಲ್ಲ! ಚೆಂಡು ನಿಲ್ಲಿಸ್ಲಿಕ್ಕೆ ನಾನೇ ಮಾಡಿಸಿದ್ದು!" ಅವನ ದನಿ ಹೆಂಗಸಿನ ದನಿಯಂತೆ ಒಡೆಯಿತು. ಕೈ ಸಿಕ್ಕಿಕೊಂಡೇ ಬೆಂಚಿಗೆ ನೇತಾಡಿದ.

ಎಲ್ಲರೂ ಕೇಳಿದರು. ನೆಲದ ಮೇಲೆ ಮೂಗು ಹಿಡಿದು ಕೂತಿದ್ದ ಶೇಖರನೂ ಕೇಳಿದ. ನನ್ನ ಎದೆ ಹಗುರಾಯಿತು. ಗೆದ್ದೆ ಎನ್ನಿಸಿತು. ಇನ್ನು ಎಸ್ಟೇಟಿನ ಯಾವ ಗೇಟಿನಲ್ಲೂ ಯಾವ ಮಗನೂ ಶಿವಪುತ್ರ ಬರ್ ತೆಗೆಯಲು ಮರೆತ ಎನ್ನುವ ಹಾಗಿಲ್ಲ.

ಬಾಗಿಲವರೆಗೆ ಬಂದಿದ್ದ ಗುಣಪಾಲಣ್ಣ ಆಗ ಒಳಗೆ ಬಂದ. ನನ್ನನ್ನು ಭುಜದಿಂದ ಸರಿಸಿದ. ವೈಸ್‌ನ ಹ್ಯಾಂಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಸೇಠ್‌ನ ಕೈಯನ್ನು ಹೊರಗೆ ತೆಗೆದು, ಬೆಂಚಿನ ಮೇಲಿದ್ದ ಒಂದು ಹತ್ತಿಬಟ್ಟೆಯನ್ನು ಅದಕ್ಕೆ ಸುತ್ತಿದ. ಎರಡು ಬೆರಳುಗಳು ಅಡ್ಡಾದಿಡ್ಡಿಯಾಗಿದ್ದವು. ಸೇಠ್ ನೆಲದಲ್ಲಿ ಕೂತು, ಕೈಯನ್ನು ಎದೆಗೊತ್ತಿಕೊಂಡು, ಪೊಲೀಸು ಪೊಲೀಸು ಎಂದು ಗೊಣಗುತ್ತಿದ್ದ.

"ಕೇಳಿದ್ಯಾ ಗುಣಪಾಲಣ್ಣ?" ಎಂದೆ. "ಅವರ ಬಾಯಿಂದನ ಬಂತು. ನನ್ನ ತಪ್ಪಿಲ್ಲ."

ಅವನು ನನ್ನನ್ನು ನೋಡಿದ. ಇಪ್ಪತ್ತೆರಡು ವರ್ಷ ಆ ಬೆಂಚಿನಲ್ಲಿ ನಿಂತವನು. ಸಿಟ್ಟು ಬಂದಾಗ ಅವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಆವತ್ತು ಎಸೆಯಲಿಲ್ಲ.

"ನೀನು ಮರೆಯುದಿಲ್ಲ ಅಂತ ನನಗೆ ಸುದ್ದಿ ಕೇಳಿದಾಗಲೇ ಗೊತ್ತಿತ್ತು," ಎಂದ. "ಆದ್ರೂ ಎಲ್ಲರ ಹತ್ರ ನಾನು ಹೇಳಿದ್ದು, ಹುಡುಗ ಒಮ್ಮೆ ಮರ್ತಿರ್ಬಹುದು ಅಂತ. ಹಾಗೆ ನಂಬಿದ್ರೆ ನನಗೆ ಸಮಾಧಾನ ಇತ್ತು."

ವೈಸ್‌ಗೆ ಅಂಟಿದ್ದ ರಕ್ತವನ್ನು ಅವನು ಬೆರಳಿನಿಂದ ಒರೆಸಿದ.

"ಆ ಕಾಲು ಬಾರದ ಮನುಷ್ಯನಿಗೆ ಮೋಸ ಆಗ್ತದೆ ಅಂತ ಗೊತ್ತಿದ್ದೂ ಮಾಡಿ ಕೊಟ್ಟಿ. ದೋಸ್ತಿ ಆಟದಲ್ಲಿ ಗೊತ್ತಿದ್ದೂ ಅಂಥಾ ಮಾಲು ಕೊಟ್ಟವ ನಾಳೆ ನನ್ನ ಬೆಂಚಿನಲ್ಲಿ ಕೊಡುದಿಲ್ಲ ಅಂತ ನಾನು ಯಾರಿಗೆ ಹೇಳ್ಲಿ? ಹೇಳು ಶಿವಪುತ್ರ. ಪ್ಯಾಕ್ ಮಾಡಿ ಅಂತ ಇನ್ನು ಯಾವ ಬಾಯಿಂದ ಹೇಳ್ಲಿ ನಾನು?"

ಸೇಠ್ ಹೇಳಿದ್ದಕ್ಕೆ ಮಾಡಿದೆ ಎನ್ನಬಹುದಿತ್ತು. ಅದು ಬರೀ ಆಟ ಎನ್ನಬಹುದಿತ್ತು. ಎರಡೂ ಬಾಯಿಗೆ ಬಂದವು. ಎರಡನ್ನೂ ಈಗಷ್ಟೇ ನೆಲದಲ್ಲಿ ಕೂತ ಸೇಠ್‌ನ ಬಾಯಿಂದ ಕೇಳಿದ್ದೆ. ನನ್ನ ಬೆರಳ ಗೆಣ್ಣಿನಿಂದ ಇಳಿದ ರಕ್ತ ಪ್ಯಾಂಟಿಗೆ ಅಂಟುತ್ತಿತ್ತು.

ಗೂಟದಿಂದ ಅಂಗಿ ತೆಗೆದುಕೊಂಡೆ. ಶೇಖರ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟ. ಚೆಲ್ಲಿದ ಕೂಲಂಟನ್ನು ದಾಟಿ, ಗೇಟು ದಾಟಿ, ರೋಡಿಗೆ ಬಂದೆ. ಹಿಂದಿನಿಂದ ಗುಣಪಾಲಣ್ಣ ಇನ್ನೊಮ್ಮೆ ನನ್ನ ಹೆಸರು ಹಿಡಿದು ಕರೆದ. ನಾನು ನಡೆಯುತ್ತಲೇ ಇದ್ದೆ.