ಬುಗುರಿಯ ಬೆರಳಿನ ಲೆಕ್ಕ

ಬಸ್ಸು ಓಡಿಸುವ ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಐದು ವರ್ಷದ ಮಗಳು ಅಡುಗೆಮನೆಯಲ್ಲಿ ಕಂಡರೆ ಮುಗಿಯಿತು. ಒಂದು ಕಡೆ ನಿಲ್ಲದ ಹುಡುಗಿ. ಎಲ್ಲರ ಬಾಯಲ್ಲೂ ಬುಗುರಿ. ಅವಳು ಅಕ್ಕಿ ತೊಳೆದರೆ ಅರ್ಧ ಮೋರಿಗೆ, ಹಿಟ್ಟು ಕಲಸಿದರೆ ಅರ್ಧ ನೆಲಕ್ಕೆ. "ಮಗು ಕೈಗೆ ಪಾತ್ರೆ ಕೊಟ್ಟು ಕೆಲಸ ಎರಡರಷ್ಟು ಮಾಡ್ಕೊತೀಯಲ್ಲ, ನಿಂಗೇನು ಹುಚ್ಚಾ?" ಎಂದು ಹೆಂಡತಿಯ ಮೇಲೂ ಹರಿಹಾಯುತ್ತಿದ್ದ. ಆಕೆ ಅದಕ್ಕೆಲ್ಲ ಜಗ್ಗುವವಳಲ್ಲ.

ಈಗ ಆಕೆ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯ ಆಪರೇಷನ್ ಆಗಿ ನಾಲ್ಕು ದಿನ. ಅಲ್ಲಿ ಕೊಡುವ ಗಂಜಿಯ ವಾಸನೆಗೇ ವಾಂತಿ ಬರುತ್ತದೆಂದು ಎರಡು ದಿನದಿಂದ ಏನೂ ತಿಂದಿಲ್ಲ. "ಮೆತ್ತಗಿನ ಅನ್ನ ತನ್ನಿ. ಹೊಟ್ಟೇಲಿ ನಿಂತರೆ ನಾಳೆ ಮನೆಗೆ, ಇಲ್ಲಾಂದ್ರೆ ಮತ್ತೆ ಡ್ರಿಪ್" ಎಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಒಂದು ಗಂಟೆಗೆ ವಾರ್ಡಿನ ಬಾಗಿಲು ಹಾಕುತ್ತಾರೆ. ಹಾಗಾಗಿ, ಜನ್ಮದಲ್ಲಿ ಒಲೆ ಹಚ್ಚದವನು ಇವತ್ತು ಪಾತ್ರೆಗೆ ಅಕ್ಕಿ ಹಾಕಿದ.

"ಬೆರಳಿಟ್ಟು ನೋಡಪ್ಪ. ಅಕ್ಕಿ ಮೇಲೆ ಎರಡು ಗೆರೆ ನೀರು ಬರ್ಬೇಕು" ಎಂದಳು ಬುಗುರಿ.

ಅವನಿಗೂ ಅದು ಸರಿಯೆನಿಸಿತು. ತನ್ನ ತೋರುಬೆರಳನ್ನು ಅಕ್ಕಿಯ ಮೇಲೆ ಊರಿ, ಎರಡನೆಯ ಗೆರೆ ಮುಳುಗುವವರೆಗೆ ನೀರು ಸುರಿದ.

"ನಿಂದಲ್ಲ, ನನ್ನ ಬೆರಳು!"

"ಎಲ್ಲದಕ್ಕೂ ಒಗ್ಗರಣೆ ಹಾಕ್ಬೇಡ, ಆಚೆ ಹೋಗು."

ಅರ್ಧ ಗಂಟೆಯ ಮೇಲೆ ಮುಚ್ಚಳ ತೆಗೆದರೆ ಒಳಗೆ ಅಪ್ಪಟ ಗಂಜಿ. ಯಾವುದರ ಹೆಸರೆತ್ತಿದರೆ ಹೆಂಡತಿಗೆ ಆಗದೋ ಅದನ್ನೇ ಅಷ್ಟು ಶ್ರದ್ಧೆಯಿಂದ ಕುದಿಸಿದ್ದ. ಗಂಟೆ ಹನ್ನೆರಡು. ಡಬ್ಬಿಯಲ್ಲಿ ಉಳಿದದ್ದು ಒಂದೇ ಲೋಟ ಅಕ್ಕಿ. ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಕೋಪ ಬರಲಿಲ್ಲ, ಹೆದರಿಕೆಯಾಯಿತು.

ಬುಗುರಿ ಸ್ಟೂಲು ಎಳೆದು ತಂದಳು. ಅಕ್ಕಿಯನ್ನು ಮೂರು ಸಲ ತೊಳೆದು, ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಹಾಕಿದಳು. ಬೆರಳು ಊರಿ, "ಸುರಿ... ಇನ್ನೊಂಚೂರು... ಸಾಕು" ಎಂದಳು. ಆಮೇಲೆ ಇಳಿದು ಬಾಗಿಲ ಹತ್ತಿರ ಹೋಗಿ ನಿಂತಳು.

"ಅಲ್ಲಿಗ್ಯಾಕೆ ಹೋದೆ?"

"ಬೆಂಕಿ ದೊಡ್ಡೋರ ಕೆಲಸ. ನಾನು ಇಲ್ಲಿಂದ ಬರೀ ಕೇಳಿಸ್ಕೊಳ್ಳೋದು."

ಕೇಳಿಸಿಕೊಂಡಳು ಕೂಡ. ಮುಚ್ಚಳ ಕುಣಿಯತೊಡಗಿದಾಗ ಉರಿ ಸಣ್ಣ ಮಾಡಿಸಿದಳು. ಗುಳುಗುಳು ಸದ್ದು ನಿಂತ ಮೇಲೆ ಆರಿಸು ಎಂದಳು. ಮುಚ್ಚಳಕ್ಕೆ ಕೈ ಹಾಕಿದವನನ್ನು ತಡೆದು, "ನೂರು ಎಣಿಸ್ಬೇಕು, ಎರಡು ಸಲ" ಎಂದು ಒಂದೂ ತಪ್ಪಿಲ್ಲದೆ ಎಣಿಸಿದಳು. ಮಗಳಿಗೆ ನೂರರವರೆಗೆ ಬರುತ್ತದೆಂಬುದೇ ಅಪ್ಪನಿಗೆ ಗೊತ್ತಿರಲಿಲ್ಲ.

ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಇಬ್ಬರೂ ವಾರ್ಡಿನಲ್ಲಿದ್ದರು. ಅಮ್ಮ ಒಂದು ತುತ್ತು ಬಾಯಿಗಿಟ್ಟಳು. ಅಪ್ಪ, ಮಗಳು ಅವಳ ಗಂಟಲನ್ನೇ ನೋಡಿದರು. ಇಳಿಯಿತು. ಎರಡನೆಯದೂ ಇಳಿಯಿತು. ಅರ್ಧ ಡಬ್ಬಿ ಖಾಲಿಯಾದ ಮೇಲೆ ಆಕೆ ಗಂಡನ ಮುಖ ನೋಡಿ, "ಪರವಾಗಿಲ್ವೇ! ಒಂದೇ ಸಲಕ್ಕೆ ಬಂತಾ?" ಎಂದಳು.

ಅವನು ಬಾಯಿ ತೆರೆಯುವ ಮೊದಲೇ ಬುಗುರಿ ಅಮ್ಮನ ಕಿವಿಯತ್ತ ಬಗ್ಗಿ, ಇಡೀ ವಾರ್ಡಿಗೆ ಕೇಳುವಂತೆ ಗುಟ್ಟು ಹೇಳಿದಳು:

"ಮೊದಲ್ನೇದು ಅಪ್ಪ ಕೆಡಿಸ್ಬಿಟ್ಟ. ನಾನು ಬೈಲಿಲ್ಲಮ್ಮ. ಅವನು ಇನ್ನೂ ಕಲೀತಿದ್ದಾನೆ, ಅಲ್ವಾ?"

ಪಕ್ಕದ ಮಂಚದವರು ನಕ್ಕರು. ಅವನೂ ನಗಲು ಹೋದ, ಆಗಲಿಲ್ಲ. ಅವಳನ್ನು ಗದರಿಸಿದ ದಿನಗಳೆಲ್ಲ ನೆನಪಾಗಿ ತುಂಬ ನಾಚಿಕೆಯಾಯಿತು.

"ಹೌದು ಕಣೇ" ಎಂದ, "ಕಲೀತಿದ್ದೀನಿ."