ಹಳೇ ಕ್ಯಾಲೆಂಡರಿನ ಹಾಳೆಗಳು

ಬಿಳಿಕೋಲಿನ ತುದಿ ಜಗುಲಿಯ ಮೆಟ್ಟಿಲಿಗೆ ತಾಗುವ ಮೊದಲೇ ಯಾರೋ ಸುನಂದಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ಬಾಮ್ಮ ಬಾ, ನಿನಗೋಸ್ಕರಾನೇ ಕಾಯ್ತಿದ್ವಿ. ಇಲ್ಲಿ ನಿಂತ್ಕೋ, ತಲೆ ಹತ್ರ. ಏಯ್, ತೆಗೀರಪ್ಪ ಫೋಟೋ. ಬ್ಯಾನರ್ ಪೂರ್ತಿ ಬರಲಿ."

ಹಿಡಿದ ಕೈ ಬೆವರಿತ್ತು. ಉಂಗುರಗಳು ಚರ್ಮಕ್ಕೆ ಒತ್ತುತ್ತಿದ್ದವು. ಸೆಂಟಿನ ವಾಸನೆಯ ಅಡಿಯಲ್ಲಿ ಈಗಷ್ಟೇ ತಿಂದ ವಡೆಯ ಎಣ್ಣೆಯ ವಾಸನೆ. ಅವರು ಕೋದಂಡರಾಮಪ್ಪನವರೆಂದು ತಿಳಿಯಲು ಸುನಂದಳಿಗೆ ಇಷ್ಟೇ ಸಾಕಾಗಿತ್ತು. ಮುಳಬಾಗಿಲಿನ ವಾಗ್ದೇವಿ ವಾಚನಾಲಯಕ್ಕೆ ಹದಿನೆಂಟು ವರ್ಷದಿಂದ ಅವರೇ ಅಧ್ಯಕ್ಷರು. ತಾಯಲೂರಿನ ಈ ಮನೆಯ ಜಗುಲಿಯ ಮೇಲೆ ಸತ್ತು ಮಲಗಿದ್ದ ಅಪ್ಪಾಜಪ್ಪನವರು ಅದೇ ವಾಚನಾಲಯದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು.

"ಕೈ ಬಿಡಿ ಸಾರ್. ಮೊದಲು ಅಣ್ಣನ ಕಾಲು ಮುಟ್ಟಬೇಕು."

"ಮುಟ್ಟುವೆಯಂತೆ. ಒಂದು ಫೋಟೋ ಆಗೋಗ್ಲಿ. ಮುಖ ಇತ್ಲಾಗೆ ತಿರುಗಿಸು."

ಗಲ್ಲಕ್ಕೆ ಎರಡು ಬೆರಳು ಬಂದು ಅವಳ ಮುಖವನ್ನು ತಿರುಗಿಸಿದವು. ಸಂತೆಯಲ್ಲಿ ಕುಂಬಳಕಾಯಿ ಹೊರಳಿಸಿ ನೋಡುತ್ತಾರಲ್ಲ, ಹಾಗೆ. ಫೋಟೋ ಆಯಿತೆಂದು ಯಾರೋ ಹೇಳಿದ ಮೇಲೆ ರಟ್ಟೆಯೂ ಗಲ್ಲವೂ ಒಟ್ಟಿಗೇ ಬಿಡುಗಡೆಯಾದವು. ಆ ಕೈಗಳಿಗೆ ಅವಳಿಂದ ಇನ್ನೇನೂ ಬೇಕಾಗಿರಲಿಲ್ಲ.

ಅಪ್ಪಾಜಪ್ಪನವರ ಮಗ ನಂದಕುಮಾರ್ ಬಂದು ತನ್ನ ಭುಜವನ್ನು ಅವಳ ಕೈಗೆ ಕೊಟ್ಟ. ಎಳೆಯಲಿಲ್ಲ, ಕೊಟ್ಟು ನಿಂತ. ಅವರಪ್ಪನ ಪದ್ಧತಿಯೇ ಅದು.

"ಬ್ಯಾನರಲ್ಲಿ ಏನು ಬರ್ದಿದಾರೆ ನಂದು?"

"ವಿಶೇಷಚೇತನರ ಬಂಧು ಅಂತ. ನಮ್ಮಪ್ಪನ ಫೋಟೋಗಿಂತ ಅವರ ಫೋಟೋನೇ ದೊಡ್ಡದೈತೆ ಅಕ್ಕ. ಗೊತ್ತಿಲ್ದೋರು ಬಂದ್ರೆ ಸತ್ತಿರೋದು ಯಾರು ಅಂತ ಗಲಿಬಿಲಿ ಆಗ್ಬೇಕು."

ನಗು ಬರುವ ಜಾಗವಲ್ಲ. ಆದರೂ ಸುನಂದಳ ಗಂಟಲಿನಲ್ಲಿ ಒಂದು ಸಣ್ಣ ಸದ್ದು ಹುಟ್ಟಿ ಅಲ್ಲೇ ನಿಂತಿತು. ಅವಳು ಬಗ್ಗಿ ಕಾಲು ಮುಟ್ಟಿದಳು. ಎರಡು ಹೆಬ್ಬೆರಳನ್ನೂ ದಾರದಿಂದ ಕಟ್ಟಿದ್ದರು. ಆಮೇಲೆ ಬಲಗೈ ಹುಡುಕಿದಳು. ತೋರುಬೆರಳಿನ ಒಳಬದಿಯಲ್ಲಿ ಹುಣಸೆಬೀಜದಷ್ಟು ಗಟ್ಟಿಯಾದ ಜಡ್ಡು ಹಾಗೇ ಇತ್ತು.

ಒಳಗಿನಿಂದ ಅಪ್ಪಾಜಪ್ಪನವರ ಹೆಂಡತಿ ಆಂಜಿನಮ್ಮನ ಅಳು ಕೇಳುತ್ತಿತ್ತು. "ವೆಳ್ಳಿಪೋಯ್ನಾವಾ ಸಾಮೀ..." ಹೊರಟೇ ಹೋದೆಯಾ ಎಂದು ಅಳುವಾಗ ಆಕೆಗೆ ತವರಿನ ತೆಲುಗೇ ಬರುತ್ತಿತ್ತು. ಯಾರೋ ಮುದುಕಿ ಸುನಂದಳ ಬೆರಳನ್ನು ಮೊದಲು ಚೊಂಬಿನ ಅಂಚಿಗೆ ಮುಟ್ಟಿಸಿ, ಆಮೇಲೆ ಚೊಂಬನ್ನು ಕೈಗಿಟ್ಟು ಹೋದಳು. ಯಾರೆಂದು ಹೇಳಲಿಲ್ಲ.

ಸುನಂದ ನೀರು ಕುಡಿದು ಗೋಡೆಗೊರಗಿ ಕೂತಳು. ಕೇಳಬೇಕಾದ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಸಾವಿನ ಮನೆಯಲ್ಲಿ ಅದನ್ನು ಕೇಳಲು ನಾಚಿಕೆ. ಮೂರು ದಿನದ ಹಿಂದೆ ಅಪ್ಪಾಜಪ್ಪನವರೇ ಫೋನ್ ಮಾಡಿದ್ದರು. "ಮುಗೀತು ಸುನಂದಮ್ಮ. ಕೊನೇ ಕಟ್ಟು. ಭಾನುವಾರ ಬಾ, ಕೊಡ್ತೀನಿ." ಇವತ್ತು ಭಾನುವಾರ.

*

ಹನ್ನೊಂದು ವರ್ಷದ ಹಿಂದೆ ವಾಚನಾಲಯದಲ್ಲಿ ವಿಶೇಷಚೇತನರ ವಿಭಾಗ ತೆರೆದಿದ್ದಾರೆಂದು ಕೇಳಿ ಸುನಂದ ಹೋಗಿದ್ದಳು. ಆಗ ಅವಳಿಗೆ ಕಾಲೇಜಿನ ಆಫೀಸಿನಲ್ಲಿ ಟೆಲಿಫೋನ್ ಎತ್ತುವ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ವಿಭಾಗವಿದ್ದದ್ದು ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಕಾಲಿಲ್ಲದ ಒಬ್ಬರು ತಮ್ಮ ಮೂರುಗಾಲಿ ಸೈಕಲ್ಲನ್ನು ಕೆಳಗೆ ನಿಲ್ಲಿಸಿಕೊಂಡು, ಮೇಲಿನಿಂದ ಯಾರಾದರೂ ಪೇಪರ್ ತಂದುಕೊಡುತ್ತಾರೇನೋ ಎಂದು ಕಾಯುತ್ತಿದ್ದರು.

"ಹತ್ಬೇಡಿ ತಾಯಿ, ಬಿದ್ದೀರಾ," ಎಂದು ಇಳಿದು ಬಂದ ದನಿ ಅಪ್ಪಾಜಪ್ಪನವರದು. ಒಂದು ಕೈಯಲ್ಲಿ ಆ ಸೈಕಲ್ಲಿನವರಿಗೆ ಪೇಪರ್, ಇನ್ನೊಂದು ಕೈಯಲ್ಲಿ ಇವಳಿಗೆ ಬ್ರೈಲ್ ಪುಸ್ತಕದ ಮೊದಲ ಸಂಪುಟ. ಒಂದೇ ದೊಡ್ಡ ಕಾದಂಬರಿ, ಹನ್ನೆರಡು ಸಂಪುಟ.

ಸುನಂದ ಮೆಟ್ಟಿಲಿನ ಮೇಲೆ ಕೂತು ಪುಸ್ತಕ ತೆರೆದಳು. ಬೆರಳು ಓಡಿಸಿದಳು. ಇನ್ನೊಂದು ಪುಟ, ಮತ್ತೊಂದು ಪುಟ. ನುಣ್ಣಗೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು.

"ಅಣ್ಣ, ಇದರಲ್ಲಿ ಏನೂ ಇಲ್ಲ."

ಅಪ್ಪಾಜಪ್ಪನವರು ಪುಸ್ತಕ ತೆಗೆದುಕೊಂಡು ಪುಟದ ಮೇಲೆ ಅಂಗೈ ಸವರಿದ ಸದ್ದು ಕೇಳಿತು.

ಆಮೇಲೆ ತಿಳಿದದ್ದು ಇಷ್ಟು. ಬಂದಾಗ ಪುಸ್ತಕಗಳು ದಪ್ಪವಾಗಿದ್ದವು, ಬೀರುವಿನ ಗಾಜಿನ ಬಾಗಿಲು ಹಾಕಲು ಬರುತ್ತಿರಲಿಲ್ಲ. ಉದ್ಘಾಟನೆಗೆ ಮೊದಲು ಹನ್ನೆರಡನ್ನೂ ಬೈಂಡಿಂಗ್‌ಗೆ ಕಳಿಸಿದ್ದರು. ಬೈಂಡರ್ ಒತ್ತುಯಂತ್ರದಲ್ಲಿಟ್ಟು ಎರಡು ದಿನ ತಿರುಪು ಬಿಗಿದಿದ್ದ. ಬೆರಳಿಗೆ ಸಿಗಬೇಕಾದ ಉಬ್ಬು ಚುಕ್ಕಿಗಳೆಲ್ಲ ಸತ್ತಿದ್ದವು. ಕೆಂಪು ರೆಕ್ಸಿನ್ನು, ಬೆನ್ನಿನ ಮೇಲೆ ಬಂಗಾರದ ಅಕ್ಷರ. ಬಾಗಿಲು ಚೆನ್ನಾಗಿ ಮುಚ್ಚಿಕೊಳ್ಳುತ್ತಿತ್ತು.

ಸುನಂದ ಅಧ್ಯಕ್ಷರ ಹತ್ತಿರ ಹೋಗಿ ಹೇಳಿದಳು. ಕೋದಂಡರಾಮಪ್ಪನವರು ಬಾಯೊಳಗಿನ ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ, "ಹನ್ನೆರಡು ಬಂದಿತ್ತು, ಹನ್ನೆರಡೂ ಐತೆ. ಇನ್ನೇನಮ್ಮ? ಆ ಬೈಂಡರ್ ತಪ್ಪದು," ಎಂದರು. "ಈಗ ಫೋನೇ ಎಲ್ಲಾ ಓದುತ್ತಂತಲ್ಲ." ಮುಂದಿನ ವಾರ ಯಾರೋ ದೊಡ್ಡವರು ನೋಡಲು ಬಂದಾಗ ಅದೇ ಬೀರುವಿಗೆ ಹೂವಿನ ಹಾರ ಹಾಕಿದ್ದರು.

ಫೋನು ಓದುತ್ತದೆ, ನಿಜ. ಬಸ್ಸಿಗೆ ಹೊತ್ತಾದವರ ಹಾಗೆ ಓದುತ್ತದೆ. ಒಂದು ಮಾತಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂರಲು ಅದು ಬಿಡುವುದಿಲ್ಲ.

ಹದಿನೈದು ದಿನ ಬಿಟ್ಟು ಅಪ್ಪಾಜಪ್ಪನವರು ಕಾಲೇಜಿನ ಆಫೀಸಿಗೇ ಬಂದರು. "ಆ ಚುಕ್ಕಿ ಅಕ್ಷರ ನನಗೂ ಕಲಿಸ್ತೀಯಾ ತಾಯಿ?"

"ಯಾಕಣ್ಣ?"

"ಸುಮ್ನೆ."

ಸುನಂದ ತನ್ನ ಹಳೆಯ ಬ್ರೈಲ್ ಸ್ಲೇಟನ್ನೂ ಚುಕ್ಕಿ ಒತ್ತುವ ಮೊಳೆಯನ್ನೂ ಕೊಟ್ಟಳು. ಹಾಳೆಯ ಹಿಂಬದಿಯಿಂದ, ಬಲದಿಂದ ಎಡಕ್ಕೆ ಚುಚ್ಚಬೇಕು ಎಂದಾಗ ಅವರು ನಕ್ಕರು. "ಒಳ್ಳೆ ಉರ್ದು ಬರೆದಂಗೈತೆ. ಐವತ್ತೆಂಟಕ್ಕೆ ಸಾಬರಾಗ್ಬೇಕಾಯ್ತು ನೋಡು."

ಆ ಕಾದಂಬರಿಯ ಅಚ್ಚಿನ ಪ್ರತಿ ವಾಚನಾಲಯದಲ್ಲಿತ್ತು. ಅದನ್ನು ಮುಂದಿಟ್ಟುಕೊಂಡು ಅವರು ಚುಚ್ಚತೊಡಗಿದರು. ಗಟ್ಟಿ ಹಾಳೆ ಬೇಕಲ್ಲ, ಪ್ರತಿ ಜನವರಿಯಲ್ಲಿ ಅಂಗಡಿ ಅಂಗಡಿ ತಿರುಗಿ ಹಿಂದಿನ ವರ್ಷದ ಕ್ಯಾಲೆಂಡರುಗಳನ್ನು ಕೇಳಿ ತರುತ್ತಿದ್ದರು. ನಾಲ್ಕೈದು ತಿಂಗಳಿಗೊಂದು ಕಟ್ಟು ಅವಳ ಮೇಜಿಗೆ ಬರುತ್ತಿತ್ತು. ಮೊದಲ ಕಟ್ಟಿನಲ್ಲಿ ಸಾಲಿಗೆರಡು ತಪ್ಪು. ಮೂರನೆಯದರಲ್ಲಿ ಪುಟಕ್ಕೊಂದು. ತೋರುಬೆರಳಿಗೆ ಜಡ್ಡು ಕಟ್ಟಿತು, ರಿಟೈರ್ ಆದ ಮೇಲೂ ಬಿಡಲಿಲ್ಲ. ಹಾಳೆಯ ಒಂದು ಕಡೆ ದೇವರ ಚಿತ್ರದ ನುಣುಪು, ಇನ್ನೊಂದು ಕಡೆ ಕತೆ.

*

"ನಂದು," ಸುನಂದ ಕೊನೆಗೂ ಕೇಳಿದಳು. "ಅಣ್ಣ ಒಂದು ಕಟ್ಟು ಇಟ್ಟಿದ್ದೀನಿ ಅಂದಿದ್ರು. ಈಗ್ಲೇ ಬೇಕು ಅಂತಲ್ಲ, ಎಲ್ಲಾದ್ರೂ ಹೋಗ್ಬಾರ್ದು ಅಂತ..."

"ಇಲ್ಲೇ ಜಗುಲಿ ಮೇಲಿತ್ತಲ್ಲಕ್ಕ, ಚೀಲದಾಗೆ. ನಿನಗೇ ಅಂತ ತೆಗೆದಿಟ್ಟಿದ್ರು." ಅವನ ದನಿ ಆಚೀಚೆ ಓಡಾಡಿತು. "ಚೀಲ ಎಲ್ಲೋಯ್ತು?"

"ಆ ರದ್ದೀನಾ?" ಕೋದಂಡರಾಮಪ್ಪನವರು ಅಂಗಳದಿಂದಲೇ ಹೇಳಿದರು. "ಬ್ಯಾನರ್ ಕಟ್ಟೋಕೆ ಅಡ್ಡ ಇತ್ತಪ್ಪ. ಹಳೇ ಕ್ಯಾಲೆಂಡರು, ತಮಟೆ ಕಾಯಿಸ್ಕೊಳ್ರೋ ಅಂತ ಕೊಟ್ಟೆ."

ಬಂದಾಗಿನಿಂದ ಮೂಗಿಗೆ ಬಡಿಯುತ್ತಿದ್ದ ಕಮಟು ವಾಸನೆ ಏನೆಂದು ಸುನಂದಳಿಗೆ ಆಗ ಗೊತ್ತಾಯಿತು. ಬಣ್ಣದ ಹಾಳೆ ಸುಡುವ ವಾಸನೆ. ಕಾಲು ಗಂಟೆಯಿಂದ ಅದನ್ನೇ ಉಸಿರಾಡುತ್ತಾ ಕೂತಿದ್ದಳು.

ಕೋಲು ಅಲ್ಲೇ ಬಿದ್ದಿತು. ಬಿಸಿ ಬರುತ್ತಿದ್ದ ಕಡೆಗೆ ಎರಡೂ ಕೈ ಚಾಚಿಕೊಂಡು ಅವಳು ಅಂಗಳಕ್ಕಿಳಿದಳು.

"ಅಮ್ಮಾ, ಬೆಂಕಿ, ಬೆಂಕಿ!" ತಮಟೆಯ ಮುನಿಶಾಮಿ ಅಡ್ಡ ಬಂದು ನಿಂತ.

"ಆ ಹಾಳೆ ತೆಗೀರಿ. ನಿಮ್ಮ ದಮ್ಮಯ್ಯ, ತೆಗೀರಿ ಅದನ್ನ."

"ಏನಮ್ಮಾ ಅದು? ಎಲ್ಲಾ ತೂತು ತೂತು, ಹುಳ ತಿಂದದೆ ಅನ್ಕೊಂಡೆ."

"ಅಕ್ಷರ. ಅಣ್ಣ ಬರ್ದಿರೋ ಅಕ್ಷರ."

ಮುನಿಶಾಮಿ ಬರಿಗೈ ಹಾಕಿ ಹಾಳೆ ಎಳೆದ ಸದ್ದು, ಹಲ್ಲು ಕಚ್ಚಿ ಉಸಿರೆಳೆದುಕೊಂಡ ಸದ್ದು, ಬೆಂಕಿಯನ್ನು ಕಾಲಲ್ಲಿ ತುಳಿದ ಸದ್ದು. ಹಾಳೆಗಳನ್ನು ತನ್ನ ಪಂಚೆಗೆ ಒತ್ತಿ ಕಿಡಿ ಆರಿಸಿ, ಒಂದೊಂದಾಗಿ ಅವಳ ಕೈಗಿಟ್ಟ.

"ಏಳು ಉಳ್ಕೊಂಡದೆ ತಾಯಿ. ಮೇಲಿಂದ ತೆಗೆದು ಹಾಕ್ತಿದ್ವಿ, ಇವು ತಳದವು. ಓದು ಬಾರ್ದೋನು ನಾನು, ಗೊತ್ತಾಗ್ಲಿಲ್ಲ."

"ಓದು ಬಂದವರಿಗೂ ಗೊತ್ತಾಗ್ಲಿಲ್ಲ ಬಿಡಣ್ಣ," ಎಂದಳು ಸುನಂದ.

ಅಷ್ಟರಲ್ಲಿ ಸೆಂಟಿನ ವಾಸನೆ ಹತ್ತಿರ ಬಂತು. "ಅಯ್ಯೋ, ಇಷ್ಟಕ್ಕೆಲ್ಲಾ ಅಳ್ತಾರೇನಮ್ಮ? ನಮ್ ಬೀರುದಾಗೆ ಹನ್ನೆರಡು ಪುಸ್ತಕ ಭದ್ರವಾಗೈತೆ. ಒಂದು ಪುಟ ಹರಿದಿಲ್ಲ. ಬಂದು ಓದ್ಕೋ. ಬೇಕಾದ್ರೆ ಅಪ್ಪಾಜಪ್ಪನ ಹೆಸರಲ್ಲಿ ಇನ್ನೊಂದು ವಿಭಾಗ ಮಾಡೋಣ, ಟೆರೇಸ್ ಮೇಲೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ." ಬೆವರಿದ ಕೈ ಸಮಾಧಾನ ಮಾಡಲು ಮತ್ತೆ ಅದೇ ರಟ್ಟೆಯ ಮೇಲೆ ಬಂದು ಕೂತಿತು.

ಸುನಂದ ಕೈ ಕೊಡವಿದಳು. ತಡವಿಕೊಂಡು ಜಗುಲಿಗೆ ಬಂದು, ಚೊಂಬಿನಲ್ಲಿ ಉಳಿದಿದ್ದ ನೀರನ್ನು ರಟ್ಟೆಯ ಮೇಲೆ ಸುರಿದುಕೊಂಡು ತಿಕ್ಕಿ ತಿಕ್ಕಿ ತೊಳೆದಳು. ಎಲ್ಲರೂ ನೋಡುತ್ತಿದ್ದರೆಂದು ಅಂಗಳದ ಮೌನದಿಂದಲೇ ಅವಳಿಗೆ ಗೊತ್ತಾಯಿತು. ಸೆರಗಿನಿಂದ ರಟ್ಟೆ ಒರೆಸಿಕೊಂಡು, ಆಮೇಲೆ ಗಲ್ಲವನ್ನೂ ಒರೆಸಿಕೊಂಡಳು.

"ಸರಿ ಸರಿ, ಹೊತ್ತಾಯ್ತು," ಕೋದಂಡರಾಮಪ್ಪನವರು ಕೆಮ್ಮಿದರು. "ಲೇ ಮುನಿಶಾಮಿ, ತಮಟೆ ಕಾಯ್ಸಲಾ. ಎತ್ತೋಣ."

"ಆಗಲ್ಲ ಸಾಮಿ."

"ಏನ್ಲಾ ಆಗಲ್ಲ ಅಂದ್ರೆ? ಹುಲ್ಲಾದ್ರೂ ಹಾಕೋ!"

"ಇವತ್ತು ಈ ಬೆಂಕಿ ಮತ್ತೆ ಹಚ್ಚಲ್ಲ. ಹಿಂಗೇ ಹೊಡೀತೀನಿ."

ಚಟ್ಟ ಎತ್ತಿದರು. ಬೆಂಕಿಗೆ ಕಾಯಿಸದ ತಮಟೆಗೆ ನಾದವೆಲ್ಲಿ? ಒದ್ದೆ ಗೋಣಿಯ ಮೇಲೆ ಕೋಲು ಬಿದ್ದ ಹಾಗೆ ಬದ್ ಬದ್ ಎಂದು ಬಡಿದುಕೊಳ್ಳುತ್ತಾ ಬೀದಿ ದಾಟಿ ಕೆರೆಯ ಕಡೆಗೆ ಹೋಯಿತು.

*

ಹೆಂಗಸರು ಮನೆ ತೊಳೆಯಲು ನೀರು ಸೇದುತ್ತಿದ್ದರು. ಆಂಜಿನಮ್ಮ ಬಂದು ಸುನಂದಳ ಪಕ್ಕದಲ್ಲಿ, ಗಂಡನನ್ನು ಮಲಗಿಸಿದ್ದ ಜಾಗದಲ್ಲೇ ಕೂತರು. ಅತ್ತು ಅತ್ತು ದನಿ ಒಡೆದಿತ್ತು.

"ಕಡೇ ಹಾಳೆ ಕತೆ ಅಲ್ಲ, ಸುನಂದಮ್ಮನಿಗೆ ಬರ್ದಿರೋ ಕಾಗದ ಅಂತಿದ್ರಮ್ಮ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದ್ರು. ಓದು, ನಾನೂ ಕೇಳ್ತೀನಿ."

ಸುನಂದ ಎಲ್ಲಕ್ಕಿಂತ ಕೆಳಗಿನ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಒಂದು ಮೂಲೆ ಇನ್ನೂ ಬೆಚ್ಚಗಿತ್ತು. ಬೆರಳು ಹೋದ ಹಾಗೆ ಗಟ್ಟಿಯಾಗಿ ಓದಿದಳು.

"ಸುನಂದಮ್ಮ. ಕತೆ ಮುಗಿಯಿತು. ಇದು ನನ್ನ ಮಾತು. ಪುಸ್ತಕಗಳನ್ನು ಸೈಕಲ್ಲಿನಲ್ಲಿ ಬೈಂಡಿಂಗ್‌ಗೆ ಒಯ್ದವನು ನಾನು. ಉಬ್ಬಿಕೊಂಡಿವೆ, ಚೆನ್ನಾಗಿ ಒತ್ತು ಎಂದು ಬೈಂಡರಿಗೆ ಹೇಳಿದವನೂ ನಾನೇ. ಅವನ ತಪ್ಪೇನಿಲ್ಲ. ಹನ್ನೊಂದು ವರ್ಷದಿಂದ ನಿನ್ನ ಹತ್ತಿರ..."

ಅಲ್ಲಿಂದ ಮುಂದೆ ಹಾಳೆ ಇರಲಿಲ್ಲ.

"ನಂಗೊತ್ತು," ಎಂದರು ಆಂಜಿನಮ್ಮ. "ನೀನು ಏನೂ ಇಲ್ಲ ಅಂದ ದಿನ ಮನೇಗೆ ಬಂದು ಉಣ್ಲಿಲ್ಲ. ಮೂರು ದಿನ ಉಣ್ಲಿಲ್ಲ."

ಕೆರೆಯ ಕಡೆಯಿಂದ ತಮಟೆ ಕೇಳುತ್ತಿತ್ತು, ಕೇಳಿಯೂ ಕೇಳದ ಹಾಗೆ. ಸುಟ್ಟ ಅಂಚಿನಲ್ಲಿ ಒಂದು ಅಕ್ಷರ ಅರ್ಧ ಉಳಿದಿತ್ತು, ಎರಡೇ ಚುಕ್ಕಿ. ಸುನಂದ ಅದರ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಒತ್ತಿದರೆ ಪುಡಿಯಾಗುತ್ತಿತ್ತು.